ಈ ಕನ್ನಡವನ್ನು ಆರಿಸಿದವರು ಯಾರು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಉಪನ್ಯಾಸಕಿ. ‘ವಿಶ್ವವಿದ್ಯಾಲಯ, ಪತ್ರಿಕೆ, ಟಿವಿ ಎಲ್ಲ ಮೇಲಿನವರ ಕೈಯಲ್ಲಿವೆ. ನಾವು ಏನು ಓದಬೇಕು, ಯಾವುದನ್ನು ಮೆಚ್ಚಬೇಕು ಅನ್ನುವುದನ್ನು ಅವರೇ ಕೂತು ತೀರ್ಮಾನಿಸುತ್ತಾರೆ’ ಎಂದು ನನ್ನ ವಿದ್ಯಾರ್ಥಿಗಳು ವಾದಿಸುತ್ತಾರೆ. ‘ಅದೆಲ್ಲ ಪಿತೂರಿಯ ಕಟ್ಟುಕಥೆ, ಸಂಸ್ಕೃತಿ ತನ್ನ ಪಾಡಿಗೆ ತಾನು ಬದಲಾಗುತ್ತೆ’ ಅನ್ನುತ್ತಾರೆ ಸ್ಟಾಫ್ ರೂಮಿನ ಹಿರಿಯರೊಬ್ಬರು. ಯಾರ ಮಾತು ಸರಿ? ನಮ್ಮ ನೆಲದ ಉದಾಹರಣೆ ಕೊಟ್ಟು ತಿಳಿಸುವಿರಾ ಸರ್?

ಉತ್ತರ: ಮೇಡಂ, ನನ್ನ ಒಲವು ನಿಮ್ಮ ವಿದ್ಯಾರ್ಥಿಗಳ ಕಡೆಗೇ. ಆದರೆ ಅವರ ವಾಕ್ಯದಲ್ಲಿ ಒಂದು ತಿದ್ದುಪಡಿ ಬೇಕು. ‘ಕೂತು ತೀರ್ಮಾನಿಸುತ್ತಾರೆ’ ಅನ್ನುವಾಗ ಅವರ ಕಣ್ಣಮುಂದೆ ಮುಚ್ಚಿದ ಬಾಗಿಲು, ಪಿಸುಮಾತು ಬರುತ್ತಿರಬೇಕು. ಹಳೆಯ ಮೈಸೂರಿನಲ್ಲಿ ಕೂತದ್ದು ನಿಜ, ತೀರ್ಮಾನಿಸಿದ್ದೂ ನಿಜ. ಆದರೆ ಅದಕ್ಕೆ ತಾರೀಖಿದೆ, ನಡಾವಳಿಯಿದೆ, ಆಹ್ವಾನ ಪತ್ರಿಕೆಯಿದೆ. 1915ರ ಮೇ 5, ಬೆಂಗಳೂರು. ಮದರಾಸು, ಮುಂಬಯಿ, ಹೈದರಾಬಾದ್, ಕೊಡಗಿನಿಂದಲೂ ಜನ ಬಂದಿದ್ದರು. ಅಂದು ಹುಟ್ಟಿದ್ದು ಇಂದಿನ ಕನ್ನಡ ಸಾಹಿತ್ಯ ಪರಿಷತ್ತು. ಆಗ ಅದರ ಹೆಸರು ಕರ್ಣಾಟಕ ಸಾಹಿತ್ಯ ಪರಿಷತ್ತು. ‘ಕನ್ನಡ’ ಅಂತಾದದ್ದು 1938ರಲ್ಲಿ.

ಪರಿಷತ್ತಿನ ಬೇರು ಎಲ್ಲಿತ್ತು ಗೊತ್ತೇ? ಮೈಸೂರು ಸಂಪದಭ್ಯುದಯ ಸಮಾಜದಲ್ಲಿ. ಅದು ಸರ್ಕಾರವೇ ಕಟ್ಟಿದ ಸಂಸ್ಥೆ. ರೇಷ್ಮೆ, ಕಬ್ಬು, ಕಾರ್ಖಾನೆ, ಶಾಲೆಗಳ ಬಗ್ಗೆ ಚರ್ಚಿಸುವುದಕ್ಕೆಂದು 1911ರಲ್ಲಿ ಶುರುವಾದದ್ದು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸಾಹಿತ್ಯವೂ ‘ಅಭ್ಯುದಯ’ದ ಒಂದು ಬಾಬ್ತಾಯಿತು. ಪರಿಷತ್ತಿನ ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯ. ಮರುವರ್ಷ, 1916ರ ಜುಲೈ 27ಕ್ಕೆ, ಮೈಸೂರು ವಿಶ್ವವಿದ್ಯಾನಿಲಯ ಬಂತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ದೇಶದಲ್ಲಿ ಹುಟ್ಟಿದ ಮೊದಲನೆಯದು. ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರು, ಮೊದಲ ಕುಲಪತಿ ಮತ್ತೆ ಅದೇ ನಂಜುಂಡಯ್ಯನವರು. ಅವರು ಮುಖ್ಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು, ದಿವಾನರ ಸಲಹಾ ಮಂಡಳಿಯಲ್ಲಿ ಸದಸ್ಯರಾಗಿದ್ದವರು. ಸಂಸ್ಥಾನದ ಜಾತಿ, ಬುಡಕಟ್ಟುಗಳ ಸಮೀಕ್ಷೆಯ ಮೇಲ್ವಿಚಾರಣೆಯೂ ಅವರದೇ ಆಗಿತ್ತು. ಯಾರು ಯಾವ ಜಾತಿ, ಯಾವುದು ಒಳ್ಳೆಯ ಸಾಹಿತ್ಯ, ಯಾರಿಗೆ ಪದವಿ ಕೊಡಬೇಕು ಎಂಬ ಮೂರು ಪ್ರಶ್ನೆಗಳೂ ಒಬ್ಬರ ಮೇಜಿನ ಮೇಲೆಯೇ ಹಾದುಹೋದವು.

ಇದನ್ನು ಪಿತೂರಿ ಅನ್ನಲಾರೆ. ಅಷ್ಟೊಂದು ಹೊಣೆ ಹೊರಲು ಬೇಕಾದ ಓದು ಆಗ ಇದ್ದದ್ದೇ ನೂರಿನ್ನೂರು ಜನರಿಗೆ. ಅವರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಸೆಂಟ್ರಲ್ ಕಾಲೇಜು, ಮಹಾರಾಜ ಕಾಲೇಜುಗಳಲ್ಲಿ ಓದಿ, ಮದರಾಸು ವಿಶ್ವವಿದ್ಯಾನಿಲಯದ ಪದವಿ ಪಡೆದು, ಮೈಸೂರು ಸಿವಿಲ್ ಸರ್ವೀಸು ಸೇರಿದವರು. ಹೆಚ್ಚುಕಡಿಮೆ ಎಲ್ಲರೂ ಬ್ರಾಹ್ಮಣರು. ತಮಗೆ ಚೆನ್ನಾಗಿ ಕಂಡದ್ದನ್ನು ನಾಡಿಗೆಲ್ಲ ಹಂಚಬೇಕೆಂಬ ಪ್ರಾಮಾಣಿಕ ಆಸೆ ಅವರದು. ಸಮಸ್ಯೆ ಇರುವುದು ಆ ಪ್ರಾಮಾಣಿಕತೆಯಲ್ಲೇ. ಕೇಡು ಬಗೆಯುವವರನ್ನು ಹಿಡಿದು ನಿಲ್ಲಿಸಬಹುದು, ಒಳ್ಳೆಯದೇ ಮಾಡುತ್ತಿರುವವರ ಕಣ್ಣಿಗೆ ಬೀಳದೆ ಉಳಿದದ್ದನ್ನು ತೋರಿಸುವುದು ಕಷ್ಟ.

ಒಂದು ನಿದರ್ಶನ ನೋಡಿ. ಸಂಸ್ಥಾನದ ಪುರಾತತ್ವ ಇಲಾಖೆ, ಬಿ.ಎಲ್. ರೈಸ್ ಅವರ ನೇತೃತ್ವದಲ್ಲಿ, ಊರೂರಿನ ಶಾಸನಗಳನ್ನು ಪ್ರತಿ ಮಾಡಿ ಸಂಪುಟಗಟ್ಟಲೆ ಅಚ್ಚುಹಾಕಿತು. 1898ರಲ್ಲಿ ಪಂಪಭಾರತ, ಕವಿರಾಜಮಾರ್ಗ ಎರಡೂ ಮುದ್ರಣ ಕಂಡವು. ತಾಳೆಗರಿಯಲ್ಲಿ ಗೆದ್ದಲು ತಿನ್ನುತ್ತಿದ್ದ ಪಂಪ ನಮ್ಮ ‘ಆದಿಕವಿ’ಯಾಗಿ ಪ್ರತಿ ಮಗುವಿನ ಬಾಯಿಗೆ ಬಂದದ್ದು ಆ ನಂತರ. ಸರ್ಕಾರದ ಹಣ, ಸರ್ಕಾರದ ಪಂಡಿತರು ಇಲ್ಲದೆ ಆ ಕೆಲಸ ನಡೆಯುತ್ತಿರಲಿಲ್ಲ. ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಅದೇ ಹೊತ್ತಿನಲ್ಲಿ, ಮೈಸೂರು ಅರಮನೆಯಿಂದ ಕಾಲ್ನಡಿಗೆಯಲ್ಲಿ ನಾಲ್ಕೈದು ದಿನದ ಹಾದಿಯಲ್ಲಿ, ಕಂಸಾಳೆಯವರು ಮಾದೇಶ್ವರನ ಕಥೆಯನ್ನು, ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುತ್ತಿದ್ದರು. ಸಾವಿರಾರು ಸಾಲಿನ ಕಾವ್ಯಗಳು, ಜೀವಂತವಾಗಿ, ಬಾಯಲ್ಲಿ. ವಿಶ್ವವಿದ್ಯಾನಿಲಯದ ವಿದ್ವಾಂಸರು ಅವನ್ನು ಗಂಭೀರವಾಗಿ ಬರೆದುಕೊಳ್ಳಲು ಕೂತದ್ದು 1960, 70ರ ದಶಕಗಳಲ್ಲಿ. ನಡುವಿನ ಅರವತ್ತೆಪ್ಪತ್ತು ವರ್ಷ ಯಾರೂ ಆ ಹಾಡುಗಳನ್ನು ನಿಷೇಧಿಸಿರಲಿಲ್ಲ. ಅವು ಸಾಹಿತ್ಯ ಅಂತ ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಉತ್ತರ ಕರ್ನಾಟಕದಲ್ಲಿ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1880ರ ದಶಕದಲ್ಲೇ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಅಚ್ಚು ಮಾಡಿಸಿದ್ದ. ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹಲಸಂಗಿ ಗೆಳೆಯರು ಯಾವ ವಿಶ್ವವಿದ್ಯಾಲಯದ ಹಂಗೂ ಇಲ್ಲದೆ 1930ರ ದಶಕದಲ್ಲಿ ಹೆಂಗಸರ ಹಾಡುಗಳನ್ನು ಪುಸ್ತಕ ಮಾಡಿದರು. ಹಾಗಾಗಿ ‘ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ’ ಎಂಬ ಸಮಾಧಾನವೂ ಪೂರ್ತಿ ಸಲ್ಲುವುದಿಲ್ಲ.

ಗಣ್ಯರು ಸಂಸ್ಕೃತಿ ರೂಪಿಸುವುದು ಅಂದರೆ ಬಹುಪಾಲು ಇದೇ: ಆಯ್ಕೆ. ಇರುವ ನೂರರಲ್ಲಿ ಹತ್ತಕ್ಕೆ ಅಚ್ಚು, ಸಂಬಳ, ಪರೀಕ್ಷೆ ಸಿಗುತ್ತದೆ. ಉಳಿದ ತೊಂಬತ್ತು ಮನೆಯ ಹಿತ್ತಿಲಲ್ಲೇ ಉಳಿಯುತ್ತದೆ.

ಆಯ್ಕೆಯನ್ನು ಭದ್ರ ಮಾಡುವುದು ಪರೀಕ್ಷೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರು ರಿಜಿಸ್ಟ್ರಾರ್ ಆಗಿದ್ದ ಕಾಲದಲ್ಲಿ. ಬಿಎಂಶ್ರೀ ಇಂಗ್ಲಿಷ್ ಪ್ರಾಧ್ಯಾಪಕರು ಅನ್ನುವುದನ್ನು ಮರೆಯಬೇಡಿ. ಇಂಗ್ಲಿಷಿನಲ್ಲಿ ಗೆದ್ದವರು ಹೇಳಿದ ಮೇಲೆಯೇ ಕನ್ನಡಕ್ಕೆ ಕನ್ನಡನಾಡಿನ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಯೋಗ್ಯತೆ ಬಂತು. ಅಲ್ಲಿ ಪಾಸಾದವರು ಅಧ್ಯಾಪಕರಾದರು. ಅಧ್ಯಾಪಕರು ಪಠ್ಯಪುಸ್ತಕ ಸಮಿತಿ ಸೇರಿದರು. ಆ ಪಠ್ಯ ಓದಿದ ಹುಡುಗ ಮುಂದೆ ಎಂ.ಎ.ಗೆ ಬಂದ. ಒಂದು ಸುತ್ತು ಮುಗಿಯಲು ಇಪ್ಪತ್ತು ವರ್ಷ ಸಾಕು. ಎರಡನೇ ಸುತ್ತಿನ ಹೊತ್ತಿಗೆ, ಇದು ಯಾರೋ ಆರಿಸಿದ್ದು ಅನ್ನುವುದೇ ಮರೆತುಹೋಗಿ ‘ಕನ್ನಡ ಸಾಹಿತ್ಯ ಅಂದರೆ ಇದೇ’ ಅಂತಾಗುತ್ತದೆ. ಸ್ಟಾಫ್ ರೂಮಿನ ನಿಮ್ಮ ಹಿರಿಯರು ನೋಡುತ್ತಿರುವುದು ಆ ಎರಡನೇ ಸುತ್ತನ್ನು. ಅವರಿಗೆ ಎಲ್ಲವೂ ತಾನಾಗೇ ಆದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಭಾಷೆಯ ವಿಷಯದಲ್ಲಿ ಇದು ಇನ್ನೂ ಚುರುಕಾಗಿ ನಡೆಯಿತು. ಮೈಸೂರು ಅಗ್ರಹಾರಗಳ, ಬೆಂಗಳೂರು ಬಸವನಗುಡಿಯ ಮಾತಿನ ಸುತ್ತ ಒಂದು ‘ಶಿಷ್ಟ’ ಕನ್ನಡ ಗಟ್ಟಿಯಾಯಿತು. ಶಾಲೆ, ಪತ್ರಿಕೆ, ರೇಡಿಯೋ ಅದನ್ನೇ ಆಡಿದವು. 1946ರಲ್ಲಿ ಹೊರಬಂದ ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊಸ ವಿಷಯಗಳಿಗೆ ಸಂಸ್ಕೃತದಿಂದ ಪದ ಕಟ್ಟಿಕೊಟ್ಟಿತು. ಆ ಪದಗಳನ್ನೇ ನಾವೀಗ ‘ಅಚ್ಚ ಕನ್ನಡ’ ಅಂದುಕೊಂಡು ಬಳಸುತ್ತೇವೆ. (ಮೈಸೂರಿನದು ವಿಶ್ವವಿದ್ಯಾ‘ನಿಲಯ’, ಧಾರವಾಡದ್ದು ವಿಶ್ವವಿದ್ಯಾ‘ಲಯ’. ಈ ಒಂದಕ್ಷರಕ್ಕಾಗಿ ಜಗಳವಾಡಿದ ಇಬ್ಬರು ಪ್ರಾಧ್ಯಾಪಕರನ್ನು ನಾನು ಬಲ್ಲೆ.) ನಾನು ಹುಟ್ಟಿದ್ದು ಮಂಡ್ಯ ಸೀಮೆಯಲ್ಲಿ. ನಮ್ಮ ಮನೆಯಲ್ಲಿ ಹಾಲು ‘ಆಲು’, ಹಸು ‘ಅಸ’, ಹಾಸನ ‘ಆಸ್ನ’. ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ನಿಲ್ಲಿಸಿ ‘ಹಾಲು’ ಅಂತ ಐವತ್ತು ಸಲ ಹೇಳಿಸಿದರು. ಗಾಬರಿಯಲ್ಲಿ ನಾನು ‘ಅಕ್ಕಿ’ಗೂ ಹಕಾರ ಹಚ್ಚಿ ‘ಹಕ್ಕಿ’ ಅಂದೆ. ಇಡೀ ತರಗತಿ ನಕ್ಕಿತು. ಆ ಮೇಷ್ಟ್ರು ಒಳ್ಳೆಯವರು, ನನ್ನ ಫೀಜನ್ನೂ ಕಟ್ಟಿದವರು. ಅವರಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ನಮ್ಮವ್ವನ ಕನ್ನಡ ತಪ್ಪು ಅಂತ ಅವರು ಮನಸಾರೆ ನಂಬಿದ್ದರು. ನಾನೂ ನಂಬಿದೆ, ಬಹಳ ವರ್ಷ.

ಇನ್ನು ಮಾಧ್ಯಮ. ಇಲ್ಲಿ ದೊಣ್ಣೆಗೂ ಬೆಲ್ಲಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸರ್ಕಾರ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾನೂನು ತಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ. ‘ತಾತಯ್ಯ’ ಎಂದೇ ಮನೆಮಾತಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ಮುಚ್ಚಿದರು. ಸರ್ಕಾರಕ್ಕೆ ಮೌನ ಸಿಕ್ಕಿತು. ಒಪ್ಪಿಗೆ ಸಿಗಲಿಲ್ಲ. ತಾತಯ್ಯನವರ ಹೆಸರು ಇನ್ನಷ್ಟು ದೊಡ್ಡದಾಯಿತು.

ಅದಕ್ಕೆ ಹೋಲಿಸಿದರೆ ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಎಷ್ಟು ಜಾಣ ಕೆಲಸ! 1930ರ ದಶಕದಿಂದ ಪ್ರಾಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ ವಿಜ್ಞಾನ, ಇತಿಹಾಸ, ಆರೋಗ್ಯದ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಭಾಷಣಗಳು ಜೇಬಿಗೆ ಹಿಡಿಸುವಂಥ ಪುಸ್ತಿಕೆಗಳಾಗಿ ಬಿಡಿಕಾಸಿಗೆ ಸಿಗುತ್ತಿದ್ದವು. ಯಾರ ಬಾಯನ್ನೂ ಕಟ್ಟದೆ, ಪೇಟೆಯಲ್ಲಿ ಏನು ಮಾತಾಡಬೇಕು ಅನ್ನುವುದನ್ನು ಅವು ಬದಲಿಸಿದವು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೋ ಕೇಂದ್ರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಅದರ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ನಿಂತಿತು. ಪ್ರಾಧ್ಯಾಪಕರ ಮನೆಯ ಪ್ರಯೋಗವೊಂದು ಕೆಲವೇ ವರ್ಷಗಳಲ್ಲಿ ಸಂಸ್ಥಾನದ ಸ್ವತ್ತಾಯಿತು, ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರದ್ದಾಯಿತು. ವಿದ್ಯಾವಂತರ ಹವ್ಯಾಸ ಸರ್ಕಾರದ ಸಂಸ್ಥೆಯಾಗುವ ದಾರಿ ಮೈಸೂರಿನಲ್ಲಿ ಬಹಳ ಚಿಕ್ಕದಾಗಿತ್ತು.

ಇಷ್ಟು ಓದಿ ‘ಹಾಗಾದರೆ ಮೇಲಿನವರು ಬಯಸಿದ್ದೆಲ್ಲ ಆಗುತ್ತದೆ’ ಅಂತ ವಿದ್ಯಾರ್ಥಿಗಳು ಬೆಂಚು ಕುಟ್ಟಬಹುದು. ಅಲ್ಲಿ ಅವರನ್ನು ತಡೆಯಿರಿ.

ಹೈದರಾಬಾದಿನ ನಿಜಾಮರು 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಕಟ್ಟಿದರು. ಉರ್ದು ಮಾಧ್ಯಮ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ಧೈರ್ಯ ಮೈಸೂರಿಗಿಂತ ಅವರಿಗೆ ಹೆಚ್ಚಾಗಿತ್ತು ಅಂತ ಒಪ್ಪಲೇಬೇಕು. ಇಂಗ್ಲಿಷಿನಿಂದ ಪಠ್ಯಗಳನ್ನು ಉರ್ದುವಿಗೆ ತರಲು ದೊಡ್ಡ ಅನುವಾದ ಸಂಸ್ಥೆಯನ್ನೇ ನಡೆಸಿದರು. ಆದರೆ ಕಲಬುರಗಿ, ರಾಯಚೂರು, ಬೀದರ್‌ನ ಕನ್ನಡದ ಮಕ್ಕಳಿಗೆ ಅದು ಮನೆಮಾತಲ್ಲ. ಕಲಬುರಗಿಯ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳು 1907ರಿಂದಲೇ ಬೇರೆ ದಾರಿ ಹಿಡಿದಿದ್ದವು. 1948ರಲ್ಲಿ ಸಂಸ್ಥಾನ ಹೋಯಿತು, ಅದರ ಬೆನ್ನಿಗೇ ಉರ್ದು ಮಾಧ್ಯಮವೂ ಹೋಯಿತು. ಇಷ್ಟು ಹಣ, ಇಷ್ಟು ವಿದ್ವತ್ತು ಸುರಿದರೂ ಕೆಳಗೆ ನೆಲ ಇರಲಿಲ್ಲ. ಮೈಸೂರಿನವರ ಅದೃಷ್ಟ ಎಂದರೆ ಅವರು ಆರಿಸಿದ್ದು ರೈತನೂ ಆಡುವ ಭಾಷೆಯನ್ನೇ. ರೈತನ ರೂಪದಲ್ಲಲ್ಲ, ಆದರೂ ಅದೇ ಭಾಷೆ.

ರೇಡಿಯೋದ ಕಥೆ ಇನ್ನೂ ಮೋಜಿನದು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಂಗೀತ ಬಲ್ಲವರು. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತದೆ ಎಂದು ರೇಡಿಯೋದಿಂದ ಅದನ್ನು ಹೊರಗಟ್ಟಿ, ಶಾಸ್ತ್ರೀಯ ಸಂಗೀತ ತುಂಬಿಸಿದರು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಾಕಿದರು. ಐದೇ ವರ್ಷಕ್ಕೆ, 1957ರಲ್ಲಿ, ಸರ್ಕಾರ ಸೋತು ವಿವಿಧ ಭಾರತಿ ತೆರೆಯಬೇಕಾಯಿತು. ಆದರೆ ಅದೇ ರೇಡಿಯೋ ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಒಗ್ಗದು ಎಂದು 1940ರಲ್ಲಿ ಹೊರಗಿಟ್ಟದ್ದು 1971ರ ತನಕ ನಡೆಯಿತು. ಯಾಕೆ ಒಂದು ಐದು ವರ್ಷಕ್ಕೆ ಬಿತ್ತು, ಇನ್ನೊಂದು ಮೂವತ್ತೊಂದು ವರ್ಷ ನಿಂತಿತು? ಸಿನಿಮಾ ಹಾಡು ಬೇಕಾದವನಿಗೆ ಇನ್ನೊಂದು ಕೇಂದ್ರವಿತ್ತು. ಹಾರ್ಮೋನಿಯಂ ನುಡಿಸುವ ಕಲಾವಿದನಿಗೆ ಇನ್ನೊಬ್ಬ ಯಜಮಾನ ಇರಲಿಲ್ಲ. ತರಗತಿಯಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಚರ್ಚಿಸಿ, ಗಣ್ಯರ ಹಿಡಿತ ಎಲ್ಲಿ ಬಿಗಿ, ಎಲ್ಲಿ ಸಡಿಲ ಅನ್ನುವುದನ್ನು ಮಕ್ಕಳೇ ಹೇಳುತ್ತಾರೆ.

ಮೈಸೂರಿಗೆ ಮರಳೋಣ. ನನ್ನ ದೃಷ್ಟಿಯಲ್ಲಿ ಅಸಲಿ ಕಥೆ ಇರುವುದು ಇಲ್ಲೇ.

ಅಧಿಕಾರ, ವಿದ್ಯೆ ಎರಡೂ ಒಂದೇ ಗುಂಪಿನಲ್ಲಿ ಸೇರಿಹೋಗಿರುವುದನ್ನು ಹೊರಗಿದ್ದವರು ಬಹು ಬೇಗ ಕಂಡುಕೊಂಡರು. 1905ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಮುಸ್ಲಿಮರ ಕೇಂದ್ರ ಸಂಘ, 1917ರಲ್ಲಿ ಬ್ರಾಹ್ಮಣೇತರರೆಲ್ಲ ಒಟ್ಟುಗೂಡಿದ ಪ್ರಜಾಮಿತ್ರ ಮಂಡಳಿ. ಒಕ್ಕಲಿಗರ ಸಂಘ ತನ್ನದೇ ಪತ್ರಿಕೆ ತಂದಿತು. ಈ ಸಂಘಗಳು ಸಾಹಿತ್ಯ ಚರ್ಚಿಸುತ್ತ ಕೂರಲಿಲ್ಲ, ಹಾಸ್ಟೆಲು ಕಟ್ಟಿದವು. ಹಳ್ಳಿಯ ಹುಡುಗ ಪೇಟೆಯಲ್ಲಿ ಎರಡು ಹೊತ್ತು ಉಂಡು ಮಲಗುವುದಕ್ಕೊಂದು ಜಾಗ. ಕರ್ನಾಟಕದ ಸಾಂಸ್ಕೃತಿಕ ಚರಿತ್ರೆ ಬರೆಯುವವರು ಕವಿಗೋಷ್ಠಿಗಳಿಗೆ ಕೊಟ್ಟ ಪುಟಗಳಲ್ಲಿ ಅರ್ಧದಷ್ಟನ್ನಾದರೂ ಹಾಸ್ಟೆಲುಗಳಿಗೆ ಕೊಡಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯಲ್ಲಿ ಮೂರನೇ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದು ಅದು ಹೇಳಿತು. ವಿಶ್ವೇಶ್ವರಯ್ಯನವರು ಈ ನೀತಿ ಒಪ್ಪದೆ ದಿವಾನಗಿರಿ ಬಿಟ್ಟರು. ಅವರ ಜಾಗಕ್ಕೆ ಬಂದವರು ಅರಮನೆಯ ಬಂಧು ಎಂ. ಕಾಂತರಾಜ ಅರಸು. ಆಳುವ ವರ್ಗ ಅಂದರೆ ಒಂದೇ ಬಂಡೆ ಅಂದುಕೊಂಡ ನಿಮ್ಮ ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ಹೇಳಿ. ಅರಮನೆ ಒಂದು ಕಡೆ, ಅಧಿಕಾರಿ ವರ್ಗ ಇನ್ನೊಂದು ಕಡೆ. ಆ ಬಿರುಕಿನಲ್ಲೇ ಹೊರಗಿನವರು ಒಳಗೆ ಬಂದದ್ದು.

ಹಾಗೆ ಬಂದ ತಲೆಮಾರಿನವರು ಕುಪ್ಪಳಿಯ ಪುಟ್ಟಪ್ಪ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಹುಡುಗನಿಗೆ ‘ನಿನ್ನ ಭಾಷೆಯಲ್ಲಿ ಬರಿ’ ಎಂದು ಬುದ್ಧಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಪುಟ್ಟಪ್ಪನವರು ಸೇರಿದ್ದು ಕನ್ನಡ ಎಂ.ಎ.ಯ ಮೊದಲ ತಂಡಕ್ಕೆ, ಆಮೇಲೆ ಅದೇ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಗಣ್ಯರು ಕಟ್ಟಿದ ಯಂತ್ರದಿಂದ ಹೊರಬಂದ ಅಚ್ಚುಕಟ್ಟಾದ ಉತ್ಪನ್ನ ಅನ್ನಬೇಕು. ಅವರು ಮಾಡಿದ್ದೇನು? 1944ರಲ್ಲಿ ‘ಶೂದ್ರ ತಪಸ್ವಿ’ ಬರೆದು, ತಪಸ್ಸು ಮಾಡಿದ್ದಕ್ಕೆ ರಾಮನ ಕೈಯಲ್ಲಿ ಸತ್ತ ಶೂದ್ರ ಶಂಬೂಕನ ಕಥೆಯಲ್ಲಿ ರಾಮನ ಬಾಣವನ್ನೇ ದೂರು ತಂದ ಬ್ರಾಹ್ಮಣನ ಕಡೆ ತಿರುಗಿಸಿದರು. ಸಿವಿಲ್ ಸರ್ವೀಸಿನಿಂದ ಬಂದ ಮಾಸ್ತಿಯವರು ಪುರಾಣದ ಕಥೆಯನ್ನು ಹೀಗೆ ತಿರುಚಬಾರದು ಎಂದು ಆಕ್ಷೇಪಿಸಿದರು. ಆ ವಾಗ್ವಾದ ನಡೆದದ್ದು ಇಬ್ಬರೂ ಒಪ್ಪಿದ ಕನ್ನಡದಲ್ಲಿ, ಇಬ್ಬರೂ ಬೆಳೆದ ಸಂಸ್ಥೆಗಳ ಒಳಗೆ. 1956ರಲ್ಲಿ ಕುವೆಂಪು ಕುಲಪತಿಯೇ ಆದರು, ಮಾನಸಗಂಗೋತ್ರಿ ಕಟ್ಟಿದರು, ಕನ್ನಡ ಮಾಧ್ಯಮಕ್ಕೆ ಹಟ ಹಿಡಿದರು. ಆದರೂ ಅವರ ಗದ್ಯ ತೆರೆದು ನೋಡಿ, ಎಷ್ಟು ಸಂಸ್ಕೃತ! ಬಾಗಿಲು ದಾಟುವಾಗ ಚಪ್ಪಲಿಯ ಜೊತೆ ಇನ್ನೂ ಏನೇನೋ ಹೊರಗೆ ಬಿಡಬೇಕಾಗುತ್ತದೆ. ನನ್ನ ಹಕಾರದ ಹಾಗೆ.

ಮುಂದಿನ ತಿರುವು 1973ರ ನವೆಂಬರಿನಲ್ಲಿ, ಮತ್ತೆ ಮೈಸೂರಿನಲ್ಲೇ. ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ‘ಬೂಸಾ’ ಇದೆ ಎಂದರು. ಅಂಗಡಿಯಲ್ಲಿ ದನಕ್ಕೆ ಕೊಳ್ಳುವ ಬೂಸಾ. ನಾಡು ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಟ್ಟರು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದರೆ ಪರಿಷತ್ತು ಕೊಡಲಿಲ್ಲ. ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನ ನಡೆಯಿತು. ಬಾಗಿಲು ತೆರೆಯದಿದ್ದಾಗ ಜನ ಪಕ್ಕದಲ್ಲೇ ಇನ್ನೊಂದು ಮನೆ ಕಟ್ಟಿಕೊಂಡರು. ಹತ್ತಿಪ್ಪತ್ತು ವರ್ಷದಲ್ಲಿ ಆ ಮನೆಯವರ ಬರಹವೇ ವಿಶ್ವವಿದ್ಯಾಲಯಗಳ ಪಠ್ಯವಾಯಿತು. ಅಂದಿನ ಬಂಡಾಯಗಾರರಲ್ಲಿ ಕೆಲವರು ಪಠ್ಯ ಸಮಿತಿಯ ಕುರ್ಚಿಯಲ್ಲಿ ಕೂತು ಇನ್ಯಾರನ್ನೋ ಬಾಗಿಲಲ್ಲಿ ನಿಲ್ಲಿಸಿದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಕುರ್ಚಿಯ ಗುಣ ಅದು.

ಈಗಿನ ಟಿವಿ, ಮೊಬೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಜಮಾನರು ಬದಲಾಗಿದ್ದಾರೆ, ವೇಗ ಹೆಚ್ಚಿದೆ, ಆರಿಸುವ ಕೆಲಸ ಅದೇ. 2022ರಲ್ಲಿ ಶಾಲಾ ಪಠ್ಯ ಪರಿಷ್ಕರಣೆಯ ಗಲಾಟೆಯಾದಾಗ ಎರಡೂ ಬಣದವರು ಎದುರಿನವರದ್ದು ಮಾತ್ರ ‘ಹೇರಿಕೆ’ ಎಂದರು. ತಮ್ಮದೂ ಒಂದು ಆಯ್ಕೆ ಅಂತ ಒಪ್ಪಿಕೊಂಡ ಒಬ್ಬರೂ ನನ್ನ ಕಿವಿಗೆ ಬೀಳಲಿಲ್ಲ.

ತರಗತಿಗೆ ಒಂದು ಕೆಲಸ ಸೂಚಿಸಲೇ? ವಿದ್ಯಾರ್ಥಿಗಳು ಮೊದಲು ತಮ್ಮ ಮನೆಯ ಹಿರಿಯರಿಗೆ ಬರುವ ಒಂದು ಹಾಡು, ಕಥೆ ಅಥವಾ ಪೂಜೆಯ ಮಾತನ್ನು ಅವರು ಆಡುವ ಹಾಗೆಯೇ, ಹಕಾರ ಸೇರಿಸದೆ, ಬರೆದುಕೊಂಡು ಬರಲಿ. ಆಮೇಲೆ ಕನ್ನಡ ಪಠ್ಯದ ಪರಿವಿಡಿ ತೆರೆದು ಅದರ ಪಕ್ಕ ಇಡಿ. ಸಾಧ್ಯವಾದರೆ ಒಂದು ದಿನ ಅವರನ್ನು ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸಕ್ಕೆ ಕರೆದೊಯ್ಯಿರಿ. ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗೆ 1905ರ ಸುಮಾರಿಗೆ ಕಟ್ಟಿದ ಬಂಗಲೆ ಅದು. ಅವರನ್ನು ಮದುವೆಯಾಗಿದ್ದವರು ಮಿಲ್ಲರ್ ವರದಿಯ ಕಾಲದಲ್ಲಿ ದಿವಾನರಾಗಿದ್ದ ಅದೇ ಕಾಂತರಾಜ ಅರಸು. ಈಗ ಅದು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ. ನೇಗಿಲು, ಒನಕೆ, ತೊಗಲುಗೊಂಬೆ, ದೈವಗಳ ಮುಖವಾಡ ಎಲ್ಲ ಅಲ್ಲಿವೆ. ಹೊರಡುವ ಮುನ್ನ ಒಂದು ಫೋನ್ ಮಾಡಿ ವಿಚಾರಿಸಿಕೊಳ್ಳಿ. ಹಳೆಯ ಕಟ್ಟಡ, ದುರಸ್ತಿ ನಡೆಯುವಾಗ ಬೀಗ ಹಾಕಿರುತ್ತಾರೆ.